ರೆಸಿಸ್ಟರ್ ಎರಡು ಸಲ ಬದಲಿಸಿದರೂ ಬ್ಲೋವರ್ 4ರಲ್ಲಿ ಮಾತ್ರ ಓಡುತ್ತದೆ: ಮೋಟರ್ ಟೆಸ್ಟ್ ಮಾಡುವುದು ಹೇಗೆ?

ಅಡಿಕೆ_ಎಕ್ಸ್‌ಪ್ರೆಸ್, ಪುತ್ತೂರು
ಭಾನುವಾರ, ಬೆಳಿಗ್ಗೆ 8:12

ಎಲ್ಲರಿಗೂ ನಮಸ್ಕಾರ. ನನ್ನದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 92,000 ಕಿಲೋಮೀಟರ್ ಓಡಿದೆ. ಎಸಿ ತಾನೇ ಹೊಂದಿಸಿಕೊಳ್ಳುವ ಆಟೋ ಕ್ಲೈಮೇಟ್ ಅಲ್ಲ, ಕೈಯಲ್ಲಿ ತಿರುಗಿಸುವ ನಾಬ್. ಬ್ಲೋವರ್, ಅಂದರೆ ಗಾಡಿಯೊಳಗೆ ಎಸಿ ಗಾಳಿ ಊದುವ ಫ್ಯಾನಿಗೆ ನಾಲ್ಕು ಸ್ಪೀಡು. ಈಗ 1, 2, 3ರಲ್ಲಿ ಸದ್ದೇ ಇಲ್ಲ. 4ಕ್ಕೆ ಇಟ್ಟರೆ ಮಾತ್ರ ಹಿಟ್ಟಿನ ಗಿರಣಿ ಶುರುವಾದ ಹಾಗೆ ಓಡುತ್ತದೆ.

ಇದು ಮೂರನೇ ಸಲ ಮಾರಾಯ್ರೆ. ಫೆಬ್ರವರಿಯಲ್ಲಿ ಫ್ಯಾನಿನ ಸ್ಪೀಡು ಇಳಿಸುವ ರೆಸಿಸ್ಟರ್ ಹೋಗಿದೆ ಅಂದರು, ಹಾಕಿಸಿದೆ. ಏಪ್ರಿಲ್ ಕೊನೆಗೆ ಅದೂ ಹೋಯಿತು, ಮತ್ತೆ ಹಾಕಿಸಿದೆ. ಅದು ಏಳು ವಾರ ಬಾಳಿತು. ಮೊನ್ನೆ ರಾತ್ರಿ ಬೆಂಗಳೂರಿನಿಂದ ಬರುವಾಗ ಶಿರಾಡಿ ಘಾಟಿಯಲ್ಲಿ ಜೋರು ಮಳೆ. ಒಳಗೆ ನಾಲ್ಕು ಜನ, ಗಾಜು ಪೂರ್ತಿ ಮಬ್ಬು. 4ಕ್ಕೆ ಇಟ್ಟರೆ ಗಾಜು ತಿಳಿಯಾಗುತ್ತದೆ, ಆದರೆ ಮುಂದೆ ಕೂತ ಅಮ್ಮನಿಗೆ ಚಳಿ. ಆಫ್ ಮಾಡಿದರೆ ಎರಡೇ ನಿಮಿಷಕ್ಕೆ ಮತ್ತೆ ಮಬ್ಬು. ಹೀಗೇ ಆನ್ ಆಫ್ ಆಟ ಆಡುತ್ತ ಗುಂಡ್ಯದವರೆಗೆ ಬಂದೆವು.

ಗ್ಯಾರೇಜಿನವರು ಈಗ ಡ್ಯಾಶ್‌ಬೋರ್ಡ್ ಬಿಚ್ಚಿ ಪೂರ್ತಿ ಅಸೆಂಬ್ಲಿ ಬದಲಿಸೋಣ ಅನ್ನುತ್ತಿದ್ದಾರೆ. ಅದಕ್ಕೆ ಮೊದಲು ನಾನೇ ಮೋಟರ್ ಟೆಸ್ಟ್ ಮಾಡಿ ನೋಡಬೇಕು ಅಂತ ಮನಸ್ಸು. ಮಲ್ಟಿಮೀಟರ್ ಇದೆ. ನಿನ್ನೆ ಕೀ ಆನ್ ಮಾಡಿ, ನಾಬ್ 1ರಲ್ಲಿಟ್ಟು, ಮೋಟರಿಗೆ ವೈರ್ ಸಿಕ್ಕಿಸುವ ಪ್ಲಗ್, ಅಂದರೆ ಕಪ್ಲರ್‌ನ ಎರಡೂ ಪಿನ್ ನೋಡಿದೆ. ಮೀಟರಿನ ಕಪ್ಪು ವೈರನ್ನು ಗಾಡಿಯ ಲೋಹದ ಮೈಗೆ ತಾಗಿಸಿ ಹಿಡಿದಾಗ ಎರಡೂ ಪಿನ್‌ನಲ್ಲಿ 12.4 ವೋಲ್ಟ್ ಬಂತು. ಕರೆಂಟ್ ಬರುತ್ತಿದೆ, ಮೋಟರ್ ತಿರುಗುತ್ತಿಲ್ಲ. ಹಾಗಾದರೆ ಮೋಟರ್ ಸತ್ತಿದೆ ಅಂತಲಾ? ಸತ್ತಿದ್ದರೆ 4ರಲ್ಲಿ ಹೇಗೆ ಓಡುತ್ತದೆ? ತಲೆ ಕೆಟ್ಟುಹೋಗಿದೆ.

ಫುಲ್_ಟ್ಯಾಂಕ್, ತುಮಕೂರು
ಭಾನುವಾರ, ಬೆಳಿಗ್ಗೆ 8:40

ಮೋಟರ್ ಚೆನ್ನಾಗಿದೆ ಗುರು, 4ರಲ್ಲಿ ಓಡುತ್ತಿದೆಯಲ್ಲ. ಲೋಕಲ್ ರೆಸಿಸ್ಟರ್ ಹಾಕಿರುತ್ತಾರೆ. ಒರಿಜಿನಲ್ ತಂದು ಹಾಕಿ, ಕಥೆ ಮುಗಿಯಿತು.

ಹುಬ್ಬಳ್ಳಿ_ವೈರ್‌ಮನ್, ಹುಬ್ಬಳ್ಳಿ
ಭಾನುವಾರ, ಬೆಳಿಗ್ಗೆ 10:05

ಕಥೆ ಮುಗಿಯುವುದಿಲ್ಲ ನೋಡ್ರಿ. ಮೂವತ್ತು ವರ್ಷ ಆಟೋ ಎಲೆಕ್ಟ್ರಿಕ್ ಕೆಲಸ ಮಾಡಿದವನು ನಾನು. ರೆಸಿಸ್ಟರ್ ತಾನಾಗಿ ಸಾಯುವುದು ಕಡಿಮೆ. ಅದನ್ನು ಯಾರೋ ಸಾಯಿಸುತ್ತಾರೆ. ಒಂದು ಸತ್ತರೆ ವಯಸ್ಸಾಗಿತ್ತು ಅನ್ನಬಹುದು. ಎರಡನೆಯದು ಎರಡು ತಿಂಗಳಲ್ಲಿ, ಮೂರನೆಯದು ಏಳು ವಾರದಲ್ಲಿ ಹೋದರೆ ಬೇರೆ ಕಡೆ ನೋಡಬೇಕು.

ಮೊದಲು ನಿಮ್ಮ ಎರಡು 12 ವೋಲ್ಟಿನ ಒಗಟು. ಇದರಲ್ಲಿ ಎಡವದ ಹುಡುಗರೇ ಇಲ್ಲ. ಬಹಳ ಗಾಡಿಗಳಲ್ಲಿ ಮೋಟರಿಗೆ ಪ್ಲಸ್ ನೇರವಾಗಿ ಬಂದುಬಿಡುತ್ತದೆ, ಫ್ಯೂಸ್ ಮತ್ತು ರಿಲೇ ದಾಟಿ. ನಾಬ್, ರೆಸಿಸ್ಟರ್ ಎರಡೂ ಇರುವುದು ಅರ್ತ್ ಕಡೆ, ಅಂದರೆ ಮೈನಸ್ ಕಡೆ. ರೆಸಿಸ್ಟರ್ ಕಡಿದುಹೋದರೆ ಅರ್ತ್ ದಾರಿಯೇ ಇಲ್ಲ. ಆಗ ಕರೆಂಟ್ ಹರಿಯುವುದಿಲ್ಲ, ಆದರೆ ಮೋಟರಿನ ಒಳಗಿನ ತಂತಿಯ ಮೂಲಕ ಅದೇ 12 ವೋಲ್ಟ್ ಆಚೆ ಪಿನ್‌ನಲ್ಲೂ ಕಾಣುತ್ತದೆ. ತೂಬು ಮುಚ್ಚಿದ ಪೈಪಿನ ಹಾಗೆ. ಎರಡೂ ತುದಿಯಲ್ಲಿ ನೀರು ತುಂಬಿಕೊಂಡಿದೆ, ಹರಿಯುತ್ತಿಲ್ಲ. ಹಾಗಾಗಿ ಗಾಡಿಯ ಮೈಗೆ ಹಿಡಿದು ನೋಡಬೇಡಿ. ಮೀಟರಿನ ಒಂದು ಮೊನೆ ಒಂದು ಪಿನ್‌ಗೆ, ಇನ್ನೊಂದು ಇನ್ನೊಂದಕ್ಕೆ ಇಡಿ. ಈಗ 1ರಲ್ಲಿ ಸೊನ್ನೆ ತೋರಿಸುತ್ತದೆ, ಪಂದ್ಯ ಕಟ್ಟುತ್ತೇನೆ.

ಒಂದು ಮಾತು ಇದರಲ್ಲೇ ಇದೆ. ಆ ಎರಡನೇ ಪಿನ್‌ನಲ್ಲಿ 12 ಬಂತು ಅಂದರೆ ಮೋಟರಿನ ಒಳಗೆ ತಂತಿ ಕಡಿದಿಲ್ಲ, ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ತಾಗುತ್ತಿದೆ ಅಂತ ಅರ್ಥ. ನಿಮಗೆ ಗೊತ್ತಿಲ್ಲದೆಯೇ ಒಂದು ಟೆಸ್ಟ್ ಮಾಡಿದ್ದೀರಿ.

ಇನ್ನು 4ರಲ್ಲಿ ಯಾಕೆ ಓಡುತ್ತದೆ? 1, 2, 3ರಲ್ಲಿ ಕರೆಂಟ್ ರೆಸಿಸ್ಟರಿನ ಸುರುಳಿಗಳನ್ನು ದಾಟಿ ಬರಬೇಕು. 4ರಲ್ಲಿ ಅದನ್ನು ಬಿಟ್ಟು ನೇರವಾಗಿ ಅರ್ತ್ ಆಗುತ್ತದೆ. ರೆಸಿಸ್ಟರಿನಲ್ಲಿ ಒಂದು ಥರ್ಮಲ್ ಫ್ಯೂಸ್ ಇರುತ್ತದೆ, ವಿಪರೀತ ಕಾಯ್ದರೆ ಕಡಿಯುತ್ತದೆ. ಒಮ್ಮೆ ಕಡಿದರೆ ಕೆಳಗಿನ ಮೂರೂ ಸ್ಪೀಡು ಒಟ್ಟಿಗೆ ಹೋಗುತ್ತವೆ. ನಿಮಗೆ ಆಗಿದ್ದು ಅದೇ.

ಕೇಳಬೇಕಾದ್ದು, ಅದು ಯಾಕೆ ಕಾಯುತ್ತಿದೆ ಅಂತ. ಎರಡು ಪ್ರಶ್ನೆ. ಹೊಸ ರೆಸಿಸ್ಟರ್ ಇದ್ದಾಗ 1ರಲ್ಲಿ ಫ್ಯಾನು ತಕ್ಷಣ ತಿರುಗುತ್ತಿತ್ತಾ? ರೆಸಿಸ್ಟರಿನ ಕಪ್ಲರ್ ಕಂದು ಬಣ್ಣಕ್ಕೆ ತಿರುಗಿದೆಯಾ?

ಅಡಿಕೆ_ಎಕ್ಸ್‌ಪ್ರೆಸ್, ಪುತ್ತೂರು
ಭಾನುವಾರ, ಮಧ್ಯಾಹ್ನ 1:30

ಸರ್, ಪಂದ್ಯ ನೀವೇ ಗೆದ್ದಿರಿ. ಎರಡು ಪಿನ್ ನಡುವೆ ಸೊನ್ನೆ.

ಕಪ್ಲರ್ ಒಂದು ಮೂಲೆ ಹಪ್ಪಳದ ಹಾಗೆ ಉಬ್ಬಿದೆ, ಕಂದು ಬಣ್ಣ. ಇನ್ನು ನಿಮ್ಮ ಮೊದಲನೇ ಪ್ರಶ್ನೆ ಓದಿ ಮೈ ಜುಂ ಅಂದಿತು. ಹೌದು, ಕೆಲವು ಸಲ 1ರಲ್ಲಿ ಶುರು ಆಗುತ್ತಿರಲಿಲ್ಲ. 3ಕ್ಕೆ ತಂದು, ತಿರುಗಿದ ಮೇಲೆ 1ಕ್ಕೆ ಇಳಿಸಿದರೆ ಓಡುತ್ತಿತ್ತು. ಹಳೇ ಗಾಡಿ ಅಲ್ವಾ, ಹೀಗೇ ಇರುತ್ತದೆ ಅಂತ ಸುಮ್ನೆ ಇದ್ದೆ. ಅಮ್ಮ ಮುಂದೆ ಕೂತರೆ ಯಾವಾಗಲೂ 1ರಲ್ಲೇ ಇಡುತ್ತಾರೆ.

ಹುಬ್ಬಳ್ಳಿ_ವೈರ್‌ಮನ್, ಹುಬ್ಬಳ್ಳಿ
ಭಾನುವಾರ, ಮಧ್ಯಾಹ್ನ 2:15

ಹಾಗಿದ್ದರೆ ನನಗೆ ಮುಕ್ಕಾಲು ಪಾಲು ಉತ್ತರ ಸಿಕ್ಕಿತು. ಮೋಟರಿನ ದಂಡ ಕೂತು ತಿರುಗುವ ಬುಷ್ ಒಣಗಿ ಬಿಗಿಯಾಗಿದೆ. 4ರಲ್ಲಿ ಪೂರ್ತಿ ಬ್ಯಾಟರಿಯ ಶಕ್ತಿ ಇರುವುದರಿಂದ ಹೇಗೋ ಎಳೆದುಕೊಂಡು ಹೋಗುತ್ತದೆ. 1ರಲ್ಲಿ ಅಷ್ಟು ಬಲ ಇಲ್ಲ, ನಿಂತುಬಿಡುತ್ತದೆ.

ತಿರುಗುವ ಮೋಟರ್ ತಾನೇ ಒಂದು ಡೈನಮೋ ಕೂಡ. ತಿರುಗುತ್ತಿರುವಾಗ ಒಳಗಿಂದ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ನಿಂತ ಮೋಟರ್ ಬರೀ ತಂತಿ. ಅದರ ರೆಸಿಸ್ಟನ್ಸ್ ಒಂದು ಓಮ್‌ಗಿಂತ ಕಡಿಮೆ. ಆಗ ಕರೆಂಟ್ ಜಾಸ್ತಿ, ಆ ಕರೆಂಟೆಲ್ಲ ರೆಸಿಸ್ಟರ್ ಮೈಮೇಲೆ. ಕರೆಂಟ್ ಒಂದೂವರೆ ಪಟ್ಟು ಆದರೆ ಬಿಸಿ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಅದರ ಮೇಲೆ ಇನ್ನೊಂದು ಏಟು. ರೆಸಿಸ್ಟರನ್ನು ಗಾಳಿ ಹೋಗುವ ದಾರಿಯಲ್ಲೇ ಕೂರಿಸಿರುತ್ತಾರೆ, ಅದೇ ಫ್ಯಾನಿನ ಗಾಳಿಯಿಂದ ತಣ್ಣಗಾಗಲಿ ಅಂತ. ಫ್ಯಾನು ನಿಂತಿದೆ, ಗಾಳಿ ಇಲ್ಲ. ಒಲೆ ಮೇಲೆ ಖಾಲಿ ಪಾತ್ರೆ ಇಟ್ಟ ಹಾಗೆ ಆಯಿತು. ಅಮ್ಮ 1ರಲ್ಲಿ ಇಟ್ಟಾಗ ಗಾಳಿ ಬರದಿದ್ದರೂ ಅವರಿಗೆ ಬೇಜಾರಿಲ್ಲ, ಚಳಿ ಇಲ್ಲ ಅಂತ ಆರಾಮಾಗಿ ಕೂತಿರುತ್ತಾರೆ. ಒಳಗೆ ರೆಸಿಸ್ಟರ್ ಬೇಯುತ್ತಿರುತ್ತದೆ.

ಆದರೆ ನಾನು ಹೇಳಿದೆ ಅಂತ ಮೋಟರ್ ಕೊಳ್ಳಬೇಡಿ. ಅಳತೆ ಮಾಡಿ.

ಫುಲ್_ಟ್ಯಾಂಕ್, ತುಮಕೂರು
ಭಾನುವಾರ, ಮಧ್ಯಾಹ್ನ 2:50

ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೋಟರಿಗೆ ಲೋಡ್ ಬಿದ್ದು ಕರೆಂಟ್ ಜಾಸ್ತಿ ಆಗುತ್ತದೆ. ಮೊದಲು ಅದನ್ನು ನೋಡಲಿ.

ಹುಬ್ಬಳ್ಳಿ_ವೈರ್‌ಮನ್, ಹುಬ್ಬಳ್ಳಿ
ಭಾನುವಾರ, ಮಧ್ಯಾಹ್ನ 3:10

ಎಲ್ಲರೂ ಹಾಗೇ ಹೇಳುತ್ತಾರೆ, ಆದರೆ ಉಲ್ಟಾ ಅದು. ಮನೆಯ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಕೈ ಅಡ್ಡ ಇಟ್ಟು ನೋಡಿ. ಮೋಟರ್ ಸದ್ದು ಇನ್ನೂ ಏರುತ್ತದೆ, ವೇಗ ಹೆಚ್ಚುತ್ತದೆ. ತಳ್ಳಲು ಗಾಳಿ ಇಲ್ಲದಿದ್ದರೆ ಅದಕ್ಕೆ ಕೆಲಸ ಕಡಿಮೆ. ಈ ಇಲಿ ಚಕ್ರದಂಥ ಫ್ಯಾನೂ ಅದೇ ಜಾತಿ. ಫಿಲ್ಟರ್ ಕಟ್ಟಿದರೆ ಕರೆಂಟ್ ಕಡಿಮೆಯೇ ಆಗುತ್ತದೆ. ಆದರೂ ರೆಸಿಸ್ಟರಿಗೆ ಕೇಡು, ಯಾಕಂದರೆ ತಣ್ಣಗೆ ಮಾಡುವ ಗಾಳಿ ಸಿಗುವುದಿಲ್ಲ. ಫಿಲ್ಟರ್ ನೋಡಬೇಕು ಅನ್ನುವ ನಿಮ್ಮ ಸಲಹೆ ಸರಿ, ಕಾರಣ ಬೇರೆ ಅಷ್ಟೇ.

ಅಡಿಕೆ_ಎಕ್ಸ್‌ಪ್ರೆಸ್, ಪುತ್ತೂರು
ಭಾನುವಾರ, ಸಂಜೆ 5:20

ನನ್ನ ಗಾಡಿ ಬೇಸ್ ಮಾಡೆಲ್ ಸರ್, ಫಿಲ್ಟರೇ ಇಲ್ಲ. ಜಾಗ ಇದೆ, ಮುಚ್ಚಳ ಇದೆ, ಒಳಗೆ ಖಾಲಿ.

ಕರೆಂಟ್ ಅಳೆಯಲು ನನ್ನ ಮೀಟರಿನಲ್ಲಿ 10 ಆಂಪಿಯರ್ ಅಂತ ಒಂದು ತೂತು ಇದೆ. ಅದರಲ್ಲಿ ಹಾಕಿ ನೋಡಲಾ?

ಸಿಗ್ನಲ್_ಬಿದ್ದಿದೆ, ಬೆಂಗಳೂರು
ಭಾನುವಾರ, ಸಂಜೆ 5:32

ಬೇಡ ಬೇಡ! ನಾನು ಹಾಕಿದ್ದೆ. ಟಪ್ ಅಂತ ಮೀಟರಿನ ಫ್ಯೂಸ್ ಹೋಯಿತು. ನನ್ನ ಮೀಟರಿನಲ್ಲಿ ಫ್ಯೂಸ್ ಇತ್ತು, ಪುಣ್ಯ. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ, ನೇರ ಹೊಗೆ. ಬ್ಲೋವರ್ 4ರಲ್ಲಿ 10 ಆಂಪಿಯರ್ ಆರಾಮಾಗಿ ದಾಟುತ್ತದೆ.

ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ವೈರ್ ಕತ್ತರಿಸುವುದು ಬೇಡ, ಒಂದೇ ವೈರನ್ನು ಅದರ ದವಡೆಯ ಒಳಗೆ ಹಿಡಿದರೆ ಸಾಕು. ಮನೆ ವೈರಿಂಗ್ ಮಾಡುವವರ ಸಾಮಾನ್ಯ ಕ್ಲ್ಯಾಂಪ್ ಬರೀ ಎಸಿ ಕರೆಂಟಿಗೆ, ಇದಕ್ಕೆ ಸೊನ್ನೆ ತೋರಿಸುತ್ತದೆ. ಸೋಲಾರ್ ಪ್ಯಾನೆಲ್ ಹಾಕುವವರ ಹತ್ತಿರ, ಯುಪಿಎಸ್ ಬ್ಯಾಟರಿ ಅಂಗಡಿಯವರ ಹತ್ತಿರ ಡಿಸಿಯದ್ದು ಇರುತ್ತದೆ. ಒಂದು ಚಹಾ ಕುಡಿಸಿ ಇಸಿದುಕೊಳ್ಳಿ.

ಮೈಸೂರ್_ಪಾಕ್_ಅಕ್ಕ, ಮೈಸೂರು
ಭಾನುವಾರ, ರಾತ್ರಿ 7:45

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಆಟೋ ಕ್ಲೈಮೇಟ್ ಗಾಡಿ. ಫ್ಯಾನು ಚೆನ್ನಾಗಿದೆ. ಆದರೆ ಮುಂದಿನ ಗಾಜಿಗೆ ಗಾಳಿ ಬಿಡುವ ಬಟನ್ ಒತ್ತಿದರೂ ಗಾಳಿ ಕಾಲಿಗೇ ಬರುತ್ತದೆ. ಗಾಡಿ ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡ್ ಒಳಗೆ ಹತ್ತು ಸೆಕೆಂಡ್ ಟಿಕ್ ಟಿಕ್ ಟಿಕ್ ಅಂತ ಸದ್ದು. ಗಡಿಯಾರ ಇಟ್ಟ ಹಾಗೆ. ಇದೂ ಬ್ಲೋವರ್ ಮೋಟರಾ?

ಸಿಗ್ನಲ್_ಬಿದ್ದಿದೆ, ಬೆಂಗಳೂರು
ಭಾನುವಾರ, ರಾತ್ರಿ 8:20

ಅಲ್ಲ ಅಕ್ಕ, ಇದು ಬೇರೆ ಮೋಟರ್. ಆಕ್ಚುಯೇಟರ್ ಅನ್ನುತ್ತಾರೆ. ಗಾಳಿ ಎಲ್ಲಿಗೆ ಹೋಗಬೇಕು ಅಂತ ಒಳಗಿನ ಬಾಗಿಲುಗಳನ್ನು ತಿರುಗಿಸುವ ಪುಟ್ಟ ಮೋಟರ್. ಅಂಗೈ ಅಗಲದ ಕಪ್ಪು ಡಬ್ಬಿ, ಒಳಗೆ ಪ್ಲಾಸ್ಟಿಕ್ ಗೇರುಗಳು. ಒಂದು ಹಲ್ಲು ಮುರಿದರೆ ಗೇರು ಜಾರಿ ಜಾರಿ ಟಿಕ್ ಟಿಕ್ ಅನ್ನುತ್ತದೆ. ಕಳೆದ ವರ್ಷ ನನ್ನದೂ ಹೋಗಿತ್ತು.

ಹಳೆಯ ಮಾದರಿಯಲ್ಲಿ ಐದು ವೈರ್ ಇರುತ್ತವೆ. ಎರಡು ಮೋಟರಿಗೆ. ಉಳಿದ ಮೂರು, ಬಾಗಿಲು ಈಗ ಎಲ್ಲಿದೆ ಅಂತ ಕಂಪ್ಯೂಟರಿಗೆ ಹೇಳುವುದಕ್ಕೆ. ರೇಡಿಯೋದ ವಾಲ್ಯೂಮ್ ಕಂಟ್ರೋಲ್ ಇರುತ್ತದಲ್ಲ, ಅದೇ ಜಾತಿ. ನಾನು ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟು, 9 ವೋಲ್ಟಿನ ಚೌಕ ಬ್ಯಾಟರಿಯನ್ನು ಮೋಟರಿನ ಎರಡು ಪಿನ್‌ಗೆ ಕೊಟ್ಟೆ. ನಿಧಾನಕ್ಕೆ ತಿರುಗಿತು. ಬ್ಯಾಟರಿ ತಿರುಗಿಸಿ ಕೊಟ್ಟರೆ ವಾಪಸ್ ತಿರುಗಬೇಕು. ಹಾಗೆ ತಿರುಗುವಾಗ ಉಳಿದ ಮೂರರಲ್ಲಿ ನಡುವಿನ ಸಿಗ್ನಲ್ ಪಿನ್ ಮತ್ತು ಪಕ್ಕದ ಪಿನ್ ಮಧ್ಯೆ ಓಮ್ ನೋಡಿ. ಸಂಖ್ಯೆ ಮೆತ್ತಗೆ ಏರಬೇಕು ಅಥವಾ ಇಳಿಯಬೇಕು. ನನ್ನದು ಒಂದು ಜಾಗದಲ್ಲಿ ಫಕ್ಕನೆ ಮಾಯವಾಗಿ ಮತ್ತೆ ಬರುತ್ತಿತ್ತು. ಅಲ್ಲೇ ಸವೆದಿತ್ತು. ಕೊನೆಗೆ ಮುಟ್ಟಿ ನಿಂತ ಮೇಲೆ ಬ್ಯಾಟರಿ ಹಿಡಿದುಕೊಂಡೇ ಇರಬೇಡಿ, ಇರುವ ಗೇರೂ ಮುರಿಯುತ್ತದೆ.

ಒಂದು ಎಚ್ಚರ. ಹೊಸ ಗಾಡಿಗಳಲ್ಲಿ ಡಬ್ಬಿಯ ಒಳಗೇ ಚಿಪ್ ಇರುತ್ತದೆ, ವೈರ್ ಮೂರು ನಾಲ್ಕೇ ಇರುತ್ತವೆ. ಅದಕ್ಕೆ ಹೀಗೆ ನೇರ ಬ್ಯಾಟರಿ ಕೊಟ್ಟರೆ ಸುಟ್ಟುಹೋಗಬಹುದು. ಅಂಥದ್ದಾದರೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರ ಹತ್ತಿರವೇ ಹೋಗಿ. ಹೊಸದು ಹಾಕಿದ ಮೇಲೂ ಎರಡು ತುದಿ ಎಲ್ಲಿ ಅಂತ ಅದಕ್ಕೆ ಕಲಿಸಬೇಕಾಗುತ್ತದೆ. ಕೆಲವು ಗಾಡಿ ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಬೇಕು.

ಹುಬ್ಬಳ್ಳಿ_ವೈರ್‌ಮನ್, ಹುಬ್ಬಳ್ಳಿ
ಭಾನುವಾರ, ರಾತ್ರಿ 8:55

ಅಕ್ಕಾರ, ಡಬ್ಬಿ ಬಿಚ್ಚಿದ ಮೇಲೆ ಬಾಗಿಲಿನ ದಂಡವನ್ನು ಬೆರಳಲ್ಲಿ ತಿರುಗಿಸಿ ನೋಡ್ರಿ. ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ತಪ್ಪು ಮೋಟರಿನದ್ದಲ್ಲ, ಬಾಗಿಲಿಗೆ ಏನೋ ಸಿಕ್ಕಿಕೊಂಡಿದೆ. ಗಾಜಿನ ಕೆಳಗಿನ ಆ ಸೀಳಿನಿಂದ ಏನೆಲ್ಲ ಬೀಳುತ್ತದೆ ಗೊತ್ತೇನು? ಪೆನ್ನು, ನಾಣ್ಯ, ಟೋಲ್ ಚೀಟಿ. ದಸರಾ ಮುಗಿದ ಮೇಲೆ ನನ್ನ ಅಂಗಡಿಗೆ ಬರುತ್ತಿದ್ದ ಗಾಡಿಗಳಲ್ಲಿ ಆಯುಧ ಪೂಜೆಯ ಸೇವಂತಿಗೆ ಎಸಳು, ಅಕ್ಷತೆ ಎಲ್ಲ ಸಿಗುತ್ತಿತ್ತು. ಅಕ್ಷತೆ ಇದ್ದಲ್ಲಿಗೆ ಇಲಿ ಬಂದೇ ಬರುತ್ತದೆ.

ಮೈಸೂರ್_ಪಾಕ್_ಅಕ್ಕ, ಮೈಸೂರು
ಭಾನುವಾರ, ರಾತ್ರಿ 9:05

ಅಯ್ಯೋ, ನಮ್ಮ ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಇದ್ದಾನೆ, ದಿನಾ ಹೂವು! ನಾಳೆ ಬಿಚ್ಚಿ ನೋಡುತ್ತೇನೆ.

ಬಿಸಿಲೂರು, ಕಲಬುರಗಿ
ಭಾನುವಾರ, ರಾತ್ರಿ 9:40

ನನ್ನದೂ ಒಂದು ಕೇಸ್ ಇದೆ ಸರ್. ಊರೊಳಗೆ ಏನೂ ತೊಂದರೆ ಇಲ್ಲ. ಹೈವೇ ಮೇಲೆ ಒಂದು ತಾಸು ಎಸಿ ಹಾಕಿಕೊಂಡು ಹೋದರೆ ಗಾಳಿ ಕಡಿಮೆಯಾಗುತ್ತ ಆಗುತ್ತ ನಿಂತೇ ಹೋಗುತ್ತದೆ. ಫ್ಯಾನಿನ ಸದ್ದು ಮಾತ್ರ ಹಾಗೇ ಇರುತ್ತದೆ. ಮೋಟರ್ ಬದಲಿಸಿದೆ, ಏನೂ ಫರಕ್ ಬೀಳಲಿಲ್ಲ.

ಹುಬ್ಬಳ್ಳಿ_ವೈರ್‌ಮನ್, ಹುಬ್ಬಳ್ಳಿ
ಭಾನುವಾರ, ರಾತ್ರಿ 10:02

ಸದ್ದು ಇದೆ, ಗಾಳಿ ಇಲ್ಲ ಅಂದರೆ ಮೋಟರ್ ನಿರಪರಾಧಿ. ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯ ದಾರಿ ಮುಚ್ಚುತ್ತಿದೆ. ಮುಂದಿನ ಸಲ ಹಾಗಾದಾಗ ಎಸಿ ಬಟನ್ ಆಫ್ ಮಾಡಿ ಬರೀ ಫ್ಯಾನು ಬಿಡಿ. ಕಾಲು ತಾಸಿನಲ್ಲಿ ಗಾಳಿ ವಾಪಸ್ ಬಂದು, ಗಾಡಿ ಕೆಳಗೆ ನೀರು ಜೋರಾಗಿ ಸುರಿದರೆ ಅದೇ. ಕಾಯಿಲ್ ಪಕ್ಕ ಇರುವ ಟೆಂಪರೇಚರ್ ಸೆನ್ಸರ್ ನೋಡಿಸಿ, ಎಸಿ ಗ್ಯಾಸ್ ಪ್ರೆಶರೂ ನೋಡಿಸಿ. ಕಲಬುರಗಿ ಬಿಸಿಲಿನಲ್ಲಿ ಗಾಡಿಯೊಳಗೆ ಮಂಜುಗಡ್ಡೆ ಅಂದರೆ ಯಾರೂ ನಂಬುವುದಿಲ್ಲ, ಅದು ಬೇರೆ ಮಾತು.

ಅಡಿಕೆ_ಎಕ್ಸ್‌ಪ್ರೆಸ್, ಪುತ್ತೂರು
ಮಂಗಳವಾರ, ರಾತ್ರಿ 8:30

ಸೋಲಾರ್ ಅಂಗಡಿಯವರು ಕ್ಲ್ಯಾಂಪ್ ಮೀಟರ್ ಕೊಟ್ಟರು, ಜೊತೆಗೆ ತಾವೂ ನೋಡಲು ಬಂದರು. ಇಂಜಿನ್ ಆನ್, ನಾಬ್ 4ರಲ್ಲಿ. ಓದಿದ್ದು 19.2 ಆಂಪಿಯರ್. ಇದು ಜಾಸ್ತಿಯಾ ಕಡಿಮೆಯಾ?

ವೋಲ್ಟ್ ಕೂಡ ನೋಡಿದೆ. ಬ್ಯಾಟರಿಯಲ್ಲಿ 13.9, ಮೋಟರಿನ ಎರಡು ಪಿನ್ ನಡುವೆ 12.3.

ಹುಬ್ಬಳ್ಳಿ_ವೈರ್‌ಮನ್, ಹುಬ್ಬಳ್ಳಿ
ಮಂಗಳವಾರ, ರಾತ್ರಿ 9:00

ಗಾಡಿಯಿಂದ ಗಾಡಿಗೆ ಬೇರೆ ಇರುತ್ತದೆ. ಪುಸ್ತಕ ಹುಡುಕುವ ಬದಲು ಅದೇ ಮಾಡೆಲ್ ಇರುವ ಒಬ್ಬರನ್ನು ಹುಡುಕಿ, ಅವರ ಗಾಡಿಯಲ್ಲೂ 4ರಲ್ಲಿ ಅಳೆಯಿರಿ. ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

1.6 ವೋಲ್ಟ್ ಮಧ್ಯದಲ್ಲಿ ಕಳೆದುಹೋಗಿದೆ. ಎಲ್ಲಿ ಅಂತ ಹಿಡಿಯಿರಿ. ಫ್ಯಾನು 4ರಲ್ಲಿ ಓಡುತ್ತಿರುವಾಗಲೇ ಅಳೆಯಬೇಕು, ನಿಂತಾಗ ಅಳೆದರೆ ಎಲ್ಲ ಚೆನ್ನಾಗೇ ಕಾಣುತ್ತದೆ. ಮೀಟರ್ ಕುಡಿಯುವ ಕರೆಂಟ್ ಎಷ್ಟು, ಇಲ್ಲ ಅನ್ನುವಷ್ಟು. ಒಂದೇ ಎಳೆ ತಂತಿ ಉಳಿದಿದ್ದರೂ ಅದು 12 ತೋರಿಸುತ್ತದೆ. ಮೋಟರ್ ಎಳೆದಾಗಲೇ ಬಣ್ಣ ಬಯಲಾಗುವುದು. ಬ್ಯಾಟರಿ ಪ್ಲಸ್‌ನಿಂದ ಮೋಟರಿನ ಪ್ಲಸ್ ಪಿನ್‌ವರೆಗೆ ಒಂದು ಸಲ. ಆಮೇಲೆ ಆ ಉಬ್ಬಿದ ಕಪ್ಲರ್‌ನ ಆಚೆ ಈಚೆ ಒಂದು ಸಲ. ಬಹಳ ಗಾಡಿಗಳಲ್ಲಿ 4ರ ಕರೆಂಟೂ ಅದೇ ಕಪ್ಲರ್ ಮೂಲಕ ಹೋಗುತ್ತದೆ.

ಆಮೇಲೆ ಮೋಟರ್ ಹೊರಗೆ ತೆಗೆಯಿರಿ. ಎಡಗಡೆ ಸೀಟಿನ ಮುಂದೆ, ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಸಾಮಾನ್ಯವಾಗಿ ಮೂರು ಸ್ಕ್ರೂ, ಒಂದು ಕಪ್ಲರ್ ಅಷ್ಟೇ. ಡ್ಯಾಶ್‌ಬೋರ್ಡ್ ಬಿಚ್ಚುವ ಮಾತು ಎಲ್ಲಿಂದ ಬಂತೋ. ಮೊದಲು ಬ್ಯಾಟರಿ ಮೈನಸ್ ತೆಗೆಯಿರಿ. ಅಲ್ಲಿ ಹಳದಿ ಕಪ್ಲರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದ್ದು. ಆ ಕಡೆಯ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2021ರಲ್ಲಿ. ನಿಮ್ಮ 2013ರ ಬೇಸ್ ಮಾಡೆಲ್‌ನಲ್ಲಿ ಇಲ್ಲದಿರಬಹುದು, ಆದರೂ ನೋಡಿಕೊಂಡೇ ಕೈ ಹಾಕಿ.

ಹೊರಗೆ ತೆಗೆದ ಮೇಲೆ ನನ್ನ ಹಳೇ ವಿದ್ಯೆ ಒಂದು. ಹೆಡ್‌ಲೈಟಿನ ಎಚ್4 ಬಲ್ಬ್ ತನ್ನಿ, 60/55 ವ್ಯಾಟಿನದು. ಒಂದು ತಂತು ಹೋಗಿರುವ ಹಳೇ ಬಲ್ಬ್ ಆದರೂ ನಡೆಯುತ್ತದೆ. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್, ಅಲ್ಲಿಂದ ಬಲ್ಬ್, ಬಲ್ಬಿನಿಂದ ಮೋಟರ್, ಮೋಟರಿನಿಂದ ಮೈನಸ್. ಎಲ್ಲ ಒಂದೇ ಸಾಲಿನಲ್ಲಿ. ಇಲ್ಲಿ ಬಲ್ಬು ರೆಸಿಸ್ಟರಿನ ಕೆಲಸ ಮಾಡುತ್ತದೆ. ಐದು ಆಂಪಿಯರ್‌ಗಿಂತ ಜಾಸ್ತಿ ಹೋಗಲು ಅದು ಬಿಡುವುದಿಲ್ಲ. ಒಳ್ಳೇ ಮೋಟರ್ ಆದರೆ ಫ್ಯಾನು ತಾನಾಗಿ ನಿಧಾನಕ್ಕೆ ತಿರುಗಿ ವೇಗ ಹಿಡಿಯುತ್ತದೆ, ಬಲ್ಬು ಮಂಕಾಗಿ ಉರಿಯುತ್ತದೆ. ಬಿಗಿ ಮೋಟರ್ ಆದರೆ ಫ್ಯಾನು ತಿರುಗುವುದಿಲ್ಲ, ಬಲ್ಬು ಝಗ್ ಅಂತ ಉರಿಯುತ್ತದೆ. ಮೀಟರೇ ಬೇಡ. ಬಲ್ಬು ಸುಡುತ್ತದೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಬಲ್ಬ್ ಇಲ್ಲದೆ ನೇರವಾಗಿ ಕೊಟ್ಟು ನೋಡುವುದಾದರೆ ಮೋಟರನ್ನು ಕಾಲಲ್ಲಿ ಒತ್ತಿ ಹಿಡಿಯಬೇಕು, ಶುರುವಾಗುವಾಗ ಒದೆಯುತ್ತದೆ. ಲುಂಗಿ ಉಟ್ಟುಕೊಂಡು ಮಾಡಬೇಡಿ. ನಾನು ಮಾಡಿದ್ದೇನೆ, ವಿವರ ಬೇಡ.

ಹಿಮದಲ್ಲಿ_ಕನ್ನಡಿಗ, ಟೊರೊಂಟೊ
ಮಂಗಳವಾರ, ರಾತ್ರಿ 11:48

ಲುಂಗಿ ವಿವರ ಬೇಕೇ ಬೇಕು ಸರ್.

ಬಿಗಿ ಬುಷ್ ಅಂದಿದ್ದಕ್ಕೆ ನನ್ನದೊಂದು ಅನುಭವ. ಇಲ್ಲಿ ಜನವರಿಯಲ್ಲಿ ಮೈನಸ್ 20 ಇರುವಾಗ ಗಾಡಿ ಶುರು ಮಾಡಿದರೆ ಫ್ಯಾನು ಐದು ನಿಮಿಷ ಹಂದಿ ಕಿರುಚಿದ ಹಾಗೆ ಕಿರುಚುತ್ತಿತ್ತು. ಬುಷ್ ಒಳಗಿನ ಎಣ್ಣೆ ಗಟ್ಟಿಯಾಗಿರುತ್ತದೆ. ಬಿಸಿಯಾದ ಮೇಲೆ ಸುಮ್ನಾಗುತ್ತಿತ್ತು. ಅಲಕ್ಷ್ಯ ಮಾಡಿದೆ. ಒಂದು ದಿನ ವೈಪರ್ ಕೆಳಗಿನ ಜಾಲರಿಯಿಂದ ಹಿಮ ಒಳಗೆ ಹೋಗಿ ಫ್ಯಾನೇ ಹೆಪ್ಪುಗಟ್ಟಿತು, ಆನ್ ಮಾಡಿದ ತಕ್ಷಣ ಫ್ಯೂಸ್ ಹೋಯಿತು. ಗಾಜು ಕಾಣದೆ ಇಲ್ಲಿ ಗಾಡಿ ಓಡಿಸುವ ಹಾಗೇ ಇಲ್ಲ. ಅವತ್ತು ಬಸ್ಸಿನಲ್ಲಿ ಆಫೀಸಿಗೆ ಹೋದೆ.

ಫುಲ್_ಟ್ಯಾಂಕ್, ತುಮಕೂರು
ಬುಧವಾರ, ಬೆಳಿಗ್ಗೆ 7:15

ಬುಷ್ ಬಿಗಿಯಾಗಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಆಗುವುದಿಲ್ವಾ? 2,000 ರೂಪಾಯಿ ಉಳಿಯುತ್ತದೆ.

ಹುಬ್ಬಳ್ಳಿ_ವೈರ್‌ಮನ್, ಹುಬ್ಬಳ್ಳಿ
ಬುಧವಾರ, ಬೆಳಿಗ್ಗೆ 7:50

ಒಂದು ವಾರ ಓಡುತ್ತದೆ. ಆ ಸ್ಪ್ರೇ ಬುಷ್ ಒಳಗೆ ಉಳಿದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಅದರ ಮೇಲೆ ಬೆಂಕಿ ಹಿಡಿಯುವ ದ್ರವ, ಕಾರ್ಬನ್ ಕಿಡಿ ಹಾರುವ ಜಾಗಕ್ಕೆ! ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟರೆ ಸ್ವಲ್ಪ ದಿನ ತಳ್ಳಬಹುದು. ಬುಷ್ ಸವೆದು ದಂಡ ಆಡುತ್ತಿದ್ದರೆ ಅದೂ ದಂಡ.

ಸಿಗ್ನಲ್_ಬಿದ್ದಿದೆ, ಬೆಂಗಳೂರು
ಬುಧವಾರ, ಬೆಳಿಗ್ಗೆ 9:10

ನನಗೆ ಇದರಲ್ಲಿ ಪೂರ್ತಿ ಒಪ್ಪಿಗೆ ಇಲ್ಲ ಸರ್. ನನ್ನ ಅಪ್ಪನ ಗಾಡಿಯ ಮೋಟರ್ ಬಿಚ್ಚಿ ಕ್ಲೀನ್ ಮಾಡಿ ಎಣ್ಣೆ ಬಿಟ್ಟು ಮೂರು ವರ್ಷ ಆಯಿತು, ಇನ್ನೂ ಓಡುತ್ತಿದೆ. ಸವೆತ ಇಲ್ಲದೆ ಬರೀ ಧೂಳು ಹೊಕ್ಕಿದ್ದರೆ ಎಸೆಯುವ ಅಗತ್ಯ ಇಲ್ಲ. ಹೊಸದು ಕೊಳ್ಳುವುದಾದರೆ ಜೆ.ಸಿ. ರೋಡಿನಲ್ಲಿ ನಾಲ್ಕು ಅಂಗಡಿ ಕೇಳಿ, ರೇಟಿನಲ್ಲಿ ಬಹಳ ವ್ಯತ್ಯಾಸ ಇರುತ್ತದೆ. ಹಳೆಯ ಮೋಟರನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಕಪ್ಲರ್ ಬೇರೆ ಬಂದರೆ ವೈರ್ ಕತ್ತರಿಸಿ ಸೇರಿಸುತ್ತಾರೆ, ಆಗ ಪ್ಲಸ್ ಮೈನಸ್ ಉಲ್ಟಾ ಆಗುವುದೂ ಉಂಟು. ಉಲ್ಟಾ ತಿರುಗಿದರೂ ಈ ಫ್ಯಾನು ಅದೇ ಕಡೆಗೇ ಗಾಳಿ ಬಿಡುತ್ತದೆ, ಆದರೆ ಬಲ ಇರುವುದಿಲ್ಲ. ಹೊಸ ಮೋಟರ್ ಹಾಕಿಸಿದ ಮೇಲೆ ಗಾಳಿ ಕಡಿಮೆ ಅಂತ ಗೊಣಗುವವರು ಮೊದಲು ಇದನ್ನು ನೋಡಬೇಕು.

ಮೈಸೂರ್_ಪಾಕ್_ಅಕ್ಕ, ಮೈಸೂರು
ಗುರುವಾರ, ಸಂಜೆ 6:20

ಡಬ್ಬಿ ಬಿಚ್ಚಿದೆ, ಐದು ವೈರಿನದೇ. ಬಾಗಿಲು ಸಲೀಸಾಗಿ ತಿರುಗುತ್ತದೆ, ಗಣಪತಿ ನಿರಪರಾಧಿ. 9 ವೋಲ್ಟ್ ಬ್ಯಾಟರಿ ಕೊಟ್ಟರೆ ಮೋಟರ್ ಗುಂಯ್ ಅನ್ನುತ್ತದೆ, ದಂಡ ಅರ್ಧ ತಿರುಗಿ ಅಲ್ಲೇ ಟಿಕ್ ಟಿಕ್. ಡಬ್ಬಿ ತೆರೆದರೆ ಗೇರಿನ ಎರಡು ಹಲ್ಲು ಮಾಯ. ಶಿವಾಜಿನಗರದ ಗುಜರಿಯಲ್ಲಿ ಇಂಥದ್ದು ಸಿಗುತ್ತದಾ?

ಸಿಗ್ನಲ್_ಬಿದ್ದಿದೆ, ಬೆಂಗಳೂರು
ಗುರುವಾರ, ಸಂಜೆ 6:45

ಸಿಗಬಹುದು ಅಕ್ಕ. ಆದರೆ ಅದೂ ಅಷ್ಟೇ ವರ್ಷ ಹಳೆಯ ಪ್ಲಾಸ್ಟಿಕ್. ಹೋಗುವುದಾದರೆ 9 ವೋಲ್ಟ್ ಬ್ಯಾಟರಿ ಜೊತೆಗೆ ಒಯ್ಯಿರಿ, ಅಂಗಡಿಯಲ್ಲೇ ತಿರುಗಿಸಿ ನೋಡಿ. ನನ್ನ ಮಟ್ಟಿಗೆ ಇದೊಂದನ್ನು ಹೊಸದೇ ತೆಗೆದುಕೊಳ್ಳಿ.

ಅಡಿಕೆ_ಎಕ್ಸ್‌ಪ್ರೆಸ್, ಪುತ್ತೂರು
ಭಾನುವಾರ, ರಾತ್ರಿ 9:15

ಇವತ್ತು ಬೆಳಿಗ್ಗೆಯಿಂದ ಗಾಡಿ ಜೊತೆಗೇ ಇದ್ದೆ. ಉದ್ದವಾಗುತ್ತದೆ, ಕ್ಷಮಿಸಿ.

ಪಕ್ಕದ ಮನೆಯವರದ್ದು ಅದೇ ಮಾಡೆಲ್, ನನ್ನದಕ್ಕಿಂತ ಒಂದು ವರ್ಷ ಹೊಸದು. ಅವರದ್ದು 4ರಲ್ಲಿ 12.6 ಆಂಪಿಯರ್. ನನ್ನದು 19.2! ಕಳೆದುಹೋದ 1.6 ವೋಲ್ಟಿನಲ್ಲಿ ಆ ಉಬ್ಬಿದ ಕಪ್ಲರ್‌ನಲ್ಲೇ 0.9 ಇತ್ತು. ಕೂತು ಲೆಕ್ಕ ಹಾಕಿದೆ. 19 ಆಂಪಿಯರ್, 0.9 ವೋಲ್ಟ್, ಹದಿನೇಳು ವ್ಯಾಟ್. ನನ್ನ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಹೆಚ್ಚುಕಡಿಮೆ ಅದನ್ನೇ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಚುಚ್ಚಿ ಇಟ್ಟುಕೊಂಡು ಘಾಟಿ ಇಳಿದಿದ್ದೇನೆ.

ಮೂರು ಸ್ಕ್ರೂ ತೆಗೆದೆ, ಮೋಟರ್ ಕೈಗೆ ಬಂತು. ಜೊತೆಗೆ ಇಲಿಯ ಮನೆಯೂ ಬಂತು. ಅಡಿಕೆ ಸಿಪ್ಪೆಯ ನಾರು, ಸೀಟಿನ ಸ್ಪಂಜು, ಅಮ್ಮ ಕಳೆದುಹೋಯಿತು ಅಂದಿದ್ದ ಔಷಧಿ ಚೀಟಿಯ ಅರ್ಧ. ಫಿಲ್ಟರ್ ಇಲ್ಲದ ಆ ಖಾಲಿ ಜಾಗವೇ ಅವರ ಹೆಬ್ಬಾಗಿಲು. ನಾರು ಫ್ಯಾನಿನ ಬುಡದಲ್ಲಿ ದಂಡಕ್ಕೆ ಸುತ್ತಿಕೊಂಡಿತ್ತು. ಬೆರಳಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು.

ಬಲ್ಬ್ ಟೆಸ್ಟ್ ಮಾಡಿದೆ, ಪ್ಯಾಂಟ್ ಹಾಕಿಕೊಂಡೇ. ಬಲ್ಬು ಝಗ್ ಅಂತ ಉರಿಯಿತು, ಫ್ಯಾನು ಅಲ್ಲಾಡಲಿಲ್ಲ. ಮಗಳು ಟಾರ್ಚ್ ಮಾಡ್ತಿದ್ದೀರಾ ಅಪ್ಪ ಅಂತ ಕೇಳಿದಳು. ನಾರು ಎಲ್ಲ ಬಿಡಿಸಿ, ಬ್ರಷ್‌ನಲ್ಲಿ ಉಜ್ಜಿ, ಎರಡು ಹನಿ ಹೊಲಿಗೆ ಎಣ್ಣೆ ಬಿಟ್ಟು ಮತ್ತೆ ಕೊಟ್ಟೆ. ಈಗ ತಿರುಗಿತು, ಬಲ್ಬು ಸ್ವಲ್ಪ ಮಂಕಾಯಿತು. ಗಾಡಿಗೆ ಹಾಕಿ ಅಳೆದರೆ 4ರಲ್ಲಿ 16.8. ಉತ್ತಮವಾಯಿತು, ಆದರೆ ಪಕ್ಕದ ಮನೆಯ 12.6 ಅಲ್ಲ. ದಂಡವನ್ನು ಅಕ್ಕಪಕ್ಕ ಅಲ್ಲಾಡಿಸಿದರೆ ಆಡುತ್ತದೆ. ಹಾಗಾಗಿ ಸಿಗ್ನಲ್ ಸರ್ ಅವರ ದಾರಿ ಬಿಟ್ಟು ಹುಬ್ಬಳ್ಳಿ ಸರ್ ಅವರ ದಾರಿ ಹಿಡಿದೆ. ಮಂಗಳೂರಿನಿಂದ ಹೊಸ ಮೋಟರ್ ತರಿಸಿದ್ದೆ, 2,200 ರೂಪಾಯಿ. ಹಾಕಿದ ಮೇಲೆ 12.9. ಬಲ್ಬ್ ಟೆಸ್ಟ್‌ನಲ್ಲಿ ಅದು ತಿರುಗುವುದನ್ನು ನೋಡುವುದೇ ಒಂದು ಸಂತೋಷ, ಬಲ್ಬು ಹಣತೆಯ ಹಾಗೆ ಇತ್ತು.

ಸುಟ್ಟ ಕಪ್ಲರ್ ಕತ್ತರಿಸಿ ವೈರ್ ಸಮೇತ ಹೊಸದು ಹಾಕಿಸಿದೆ. ಅದರಲ್ಲಿ ಈಗ 0.1 ವೋಲ್ಟ್ ಕೂಡ ಬೀಳುತ್ತಿಲ್ಲ. ಹೊಸ ರೆಸಿಸ್ಟರ್, ಖಾಲಿ ಜಾಗಕ್ಕೆ ಒಂದು ಫಿಲ್ಟರ್, ಹೊರಗಿನ ಜಾಲರಿಗೆ ಸಣ್ಣ ಕಣ್ಣಿನ ತಂತಿ ಬಲೆ.

ಒಂದು ಅನುಮಾನ ಉಳಿದಿದೆ. ಹಳೆಯ ಮೋಟರ್ ಎಸೆಯಲಾ, ಇಟ್ಟುಕೊಳ್ಳಲಾ?

ಹುಬ್ಬಳ್ಳಿ_ವೈರ್‌ಮನ್, ಹುಬ್ಬಳ್ಳಿ
ಭಾನುವಾರ, ರಾತ್ರಿ 9:40

ಭೇಷ್. ಎಸೆಯಬೇಡಿ, ನನಗೆ ಕಳಿಸಿ. ಇಲ್ಲವಾದರೆ ಒಂದು ಹಳೇ ಬ್ಯಾಟರಿಗೆ ಕಟ್ಟಿ ಒಲೆ ಊದಲು ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಹಸಿ ಕಟ್ಟಿಗೆಗೆ ಅದಕ್ಕಿಂತ ಒಳ್ಳೆಯ ಊದುಗೊಳವೆ ಇಲ್ಲ. ಬಲ್ಬ್ ಜೊತೆಗೇ ಕಟ್ಟಿ, ನೇರವಾಗಿ ಕೊಟ್ಟರೆ ಬೂದಿಯೆಲ್ಲ ಮುಖಕ್ಕೆ.

ಅಮ್ಮ 1ರಲ್ಲಿ ಇಟ್ಟಾಗ ಈಗ ತಿರುಗುತ್ತದೆಯಾ?

ಅಡಿಕೆ_ಎಕ್ಸ್‌ಪ್ರೆಸ್, ಪುತ್ತೂರು
ಭಾನುವಾರ, ರಾತ್ರಿ 9:52

ತಿರುಗುತ್ತದೆ ಸರ್. ಸಂಜೆ ಉಪ್ಪಿನಂಗಡಿವರೆಗೆ ಹೋಗಿ ಬಂದೆವು, ಮಳೆ ಇತ್ತು, ಗಾಜು ಚೊಕ್ಕ. ಆದರೆ 1ರಲ್ಲೂ ಈಗ ಗಾಳಿ ಜಾಸ್ತಿ ಬರುತ್ತದೆ, ಮೊದಲಿನ ಫ್ಯಾನೇ ಚೆನ್ನಾಗಿತ್ತು ಅಂತ ಅಮ್ಮ ಬೈಯುತ್ತಿದ್ದಾರೆ.